ಒಂದೇ ಸೊಪ್ಪು: ಒಬ್ಬನಿಗೆ ದೇವರು, ಇನ್ನೊಬ್ಬನಿಗೆ ಬರೀ ನಶೆ

ಸಿಂಧನೂರು, ಲಿಂಗಸುಗೂರು ಕಡೆ ಅಮಾವಾಸ್ಯೆ ಭಜನೆ ಅಂದರೆ ಕೋಳಿ ಕೂಗುವ ತನಕ. ಏಕತಾರಿ, ದಮ್ಮಡಿ, ತಾಳ, ನಡುನಡುವೆ ಚಹಾ. ಅವಧೂತರು, ಆರೂಢರು ಅಂತ ಹೇಳಿಕೊಳ್ಳುವ ಕೆಲವು ಪರಂಪರೆಗಳ ಗದ್ದುಗೆ ಹತ್ತಿರ ಚಹಾದ ಜೊತೆ ಗಾಂಜಾ ಸೊಪ್ಪಿನ ಚಿಲುಮೆಯೂ ಒಂದು ಸುತ್ತು ಬರುತ್ತದೆ. ಸೇದಿದವರಲ್ಲಿ ಒಬ್ಬ ಕಣ್ಣೀರು ಒರೆಸಿಕೊಳ್ಳುತ್ತಾ "ಅಜ್ಜ ಎದುರಿಗೇ ಬಂದು ಕುಂತಿದ್ದ ನೋಡ್ರಿ" ಅನ್ನುತ್ತಾನೆ. ಅಜ್ಜ ಅಂದರೆ ಆ ಗದ್ದುಗೆಯ ಗುರು. ಪಕ್ಕದವನು ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿರುತ್ತಾನೆ. ಅದೇ ಊರಿನ ಹುಡುಗನೊಬ್ಬ ಬೆಂಗಳೂರಿನ ಪಿಜಿ ರೂಮಲ್ಲಿ ಅದೇ ಸೊಪ್ಪು ಸೇದುತ್ತಾನೆ. ನಕ್ಕು ನಕ್ಕು ಸುಸ್ತಾಗಿ, ಎರಡು ಪ್ಲೇಟ್ ಎಗ್ ರೈಸ್ ತಿಂದು ಮಲಗುತ್ತಾನೆ. ಅವನಿಗೆ ಯಾವ ಅಜ್ಜನೂ ಕಾಣುವುದಿಲ್ಲ.

ಸೊಪ್ಪು ಒಂದೇ. ಮಿದುಳಿನಲ್ಲಿ ಅದು ಹೋಗಿ ಕೂರುವ ಜಾಗವೂ ಒಂದೇ. ಹಾಗಿದ್ದ ಮೇಲೆ ಒಬ್ಬನಿಗೆ ನಂಬಿಕೆ ಗಟ್ಟಿಯಾಗುವುದು, ಇನ್ನೊಬ್ಬನಿಗೆ ಇದ್ದ ನಂಬಿಕೆಯೂ ಹೋಗುವುದು, ಮೂರನೆಯವನಿಗೆ ಏನೂ ಆಗದಿರುವುದು ಹೇಗೆ? ಇದಕ್ಕೆ ಈಗ ಒಂದಷ್ಟು ಉತ್ತರ ಸಿಕ್ಕಿದೆ. ಪೂರ್ತಿ ಅಲ್ಲ, ಆದರೆ ಮೊದಲಿಗಿಂತ ಜಾಸ್ತಿ.

ಮೊದಲೇ ಒಂದು ಮಾತು. ಈ ಭಾಗದ ಮಠ, ದರ್ಗಾ, ಗುಡಿ ಅಂದರೆ ಗಾಂಜಾ ಅಂತ ಯಾರೂ ತಿಳಿಯಬಾರದು. ಬಹುಪಾಲು ಕಡೆ ಅದನ್ನು ಹತ್ತಿರಕ್ಕೂ ಬಿಡುವುದಿಲ್ಲ. ಬೀಡಿ ಹಚ್ಚಿದರೆ ಎಬ್ಬಿಸಿ ಕಳಿಸುವ ಮಠಗಳೂ ಇವೆ. ಆದರೆ ಕೆಲವು ಕಡೆ ಬಳಕೆ ಇರುವುದು ಗುಟ್ಟೇನಲ್ಲ. 2020ರಲ್ಲಿ ಬೆಂಗಳೂರಿನ ಡ್ರಗ್ಸ್ ಪ್ರಕರಣಗಳ ಗದ್ದಲ ನಡೆದಾಗ ರಾಯಚೂರು, ಯಾದಗಿರಿ ಕಡೆಯ ಕೆಲವು ಪರಂಪರೆಗಳಲ್ಲಿ ಗಾಂಜಾ ಪ್ರಸಾದದಂತೆ ಸಿಗುತ್ತದೆ ಎಂದು ಪತ್ರಿಕೆಗಳು ಬರೆದವು. ಇದು ಹೊಸದೂ ಅಲ್ಲ. ಬ್ರಿಟಿಷ್ ಸರ್ಕಾರ 1893ರಲ್ಲಿ ಗಾಂಜಾ, ಚರಸ್, ಭಂಗಿ ಬಗ್ಗೆ ಒಂದು ಆಯೋಗವನ್ನೇ ಕೂರಿಸಿತ್ತು. ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿ, ಮರುವರ್ಷ ಏಳು ಸಂಪುಟಗಳ ವರದಿ ಬಂತು. ಶಿವನ ಪೂಜೆಗೂ ಈ ಗಿಡಕ್ಕೂ ಇರುವ ನಂಟು ಅದರಲ್ಲಿ ವಿವರವಾಗಿ ದಾಖಲಾಗಿದೆ.

ಗಾಂಜಾ ಒಳಗೆ ಹೋಗಿ ಮಾಡುವ ಕೆಲಸ

ಗಾಂಜಾದ ಮತ್ತಿಗೆ ಮುಖ್ಯ ಕಾರಣ ಟಿಎಚ್‌ಸಿ ಎಂಬ ರಾಸಾಯನಿಕ. 1964ರಲ್ಲಿ ಇಸ್ರೇಲಿನ ರಾಫೆಲ್ ಮೆಕೌಲಮ್ ಮತ್ತು ಯೆಹಿಯೆಲ್ ಗಾವೊನಿ ಅದನ್ನು ಶುದ್ಧವಾಗಿ ಬೇರ್ಪಡಿಸಿ ಅದರ ರಚನೆ ಕಂಡುಕೊಂಡರು. ಅದು ಮಿದುಳಿನ ಸಿಬಿ1 ಎಂಬ ಗ್ರಾಹಕಗಳಿಗೆ, ಅಂದರೆ ರಾಸಾಯನಿಕ ಬಂದು ಕೂರುವ ಜಾಗಗಳಿಗೆ, ಅಂಟಿಕೊಳ್ಳುತ್ತದೆ. ಈ ಗ್ರಾಹಕಗಳು ನೆನಪು, ಭಯ, ಹಸಿವು, ದೇಹದ ಸಮತೋಲನ, ಹೊತ್ತು ಎಷ್ಟಾಯಿತೆಂಬ ಅಂದಾಜು ಎಲ್ಲವನ್ನೂ ನೋಡಿಕೊಳ್ಳುವ ಭಾಗಗಳಲ್ಲಿ ದಟ್ಟವಾಗಿವೆ.

ನಂಬಿಕೆಯ ವಿಷಯಕ್ಕೆ ಬಂದರೆ ಇದರಲ್ಲಿ ಎರಡು ಸಂಗತಿ ಮುಖ್ಯ. ಒಂದು, ಹೊತ್ತು ಹಿಗ್ಗುತ್ತದೆ. ಐದು ನಿಮಿಷದ ಪದ ಅರ್ಧ ಗಂಟೆ ಹಾಡಿದಂತೆ ಅನ್ನಿಸುತ್ತದೆ. ತಾಳದ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳುತ್ತದೆ. ಎರಡನೆಯದು ಇನ್ನೂ ಮುಖ್ಯ: ಸುಮ್ನೆ ಕಣ್ಣಿಗೆ ಬಿದ್ದು ಹೋಗುವ ಸಂಗತಿಗಳಿಗೆ ಇದ್ದಕ್ಕಿದ್ದಂತೆ ತೂಕ ಬರುತ್ತದೆ. ದೀಪ ಒಮ್ಮೆ ಪಟಪಟ ಅಂದರೆ ಅದು ಗಾಳಿಗೆ ಅಂತ ಅನ್ನಿಸುವುದಿಲ್ಲ, ಅದರಲ್ಲಿ ಏನೋ ಇದೆ ಅನ್ನಿಸುತ್ತದೆ. ಯಾವುದಕ್ಕೆ ಗಮನ ಕೊಡಬೇಕು, ಯಾವುದನ್ನು ಬಿಡಬೇಕು ಎಂದು ವಿಂಗಡಿಸುವುದರಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಪಾತ್ರ ದೊಡ್ಡದು. ಟಿಎಚ್‌ಸಿ ಆ ವಿಂಗಡಣೆಯನ್ನು ಅಲುಗಾಡಿಸುತ್ತದೆ.

ಗಮನಿಸಿ, ಇಲ್ಲಿಯವರೆಗೆ ದೇವರು ಬಂದಿಲ್ಲ. ಬಂದಿರುವುದು "ಇದು ಮುಖ್ಯ", "ಇದರಲ್ಲಿ ಅರ್ಥ ಇದೆ" ಎಂಬ ಭಾವನೆ ಮಾತ್ರ. ಆ ಅರ್ಥ ಏನು ಅಂತ ಟಿಎಚ್‌ಸಿಗೆ ಗೊತ್ತಿಲ್ಲ. ಅದನ್ನು ತುಂಬುವವರು ಸುತ್ತ ಕೂತವರು.

ಚಿಲುಮೆ ಹಚ್ಚುವುದನ್ನೇ ಹತ್ತಿರದಿಂದ ನೋಡಿ. ಮಣ್ಣಿನ ಚಿಲುಮೆ. ಸೊಪ್ಪು ಬಾಯಿಗೆ ಬರಬಾರದು ಅಂತ ಒಳಗೆ ಒಂದು ಸಣ್ಣ ಕಲ್ಲು. ಕೆಳಗಿನ ತುದಿಗೆ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯ ಚೂರು. ಅಂಗೈಯಲ್ಲಿ ಸೊಪ್ಪು ತಿಕ್ಕಿ, ಬೀಜ ಕಡ್ಡಿ ಆರಿಸಿ ತೆಗೆದು ತುಂಬಿಸುವುದಕ್ಕೇ ಐದಾರು ನಿಮಿಷ ಬೇಕು. ಆ ಹೊತ್ತಲ್ಲಿ ಯಾರೂ ಜಾಸ್ತಿ ಮಾತಾಡುವುದಿಲ್ಲ. ಹಚ್ಚುವ ಮೊದಲು ಹಣೆಗೆ ಮುಟ್ಟಿಸಿ ಗುರುವಿನ ಹೆಸರು ಹೇಳುತ್ತಾರೆ. ಮೊದಲು ಹಿರಿಯರಿಗೆ, ಆಮೇಲೆ ಒಬ್ಬರಿಂದ ಒಬ್ಬರಿಗೆ, ಎರಡೂ ಕೈಯಲ್ಲಿ ಹಿಡಿದು. ಹೊಸಬನಾದರೆ ಎಷ್ಟು ಎಳೆಯಬೇಕು, ಯಾವಾಗ ಸಾಕು ಅಂತ ಪಕ್ಕದವರೇ ಹೇಳುತ್ತಾರೆ. ಹಿಂದೆಯೇ ತತ್ವಪದ ಶುರು. ಆ ಪದಗಳಲ್ಲಿ ದೇಹ ಒಂದು ಮನೆ, ಉಸಿರು ಒಂದು ದಾರ, ಕೊನೆಗೆ ಎಲ್ಲ ಬಯಲು. ತಲೆಗೆ ಹೊಗೆ ಏರುವ ಹೊತ್ತಿಗೆ, ಏರಿದ್ದನ್ನು ಏನೆಂದು ತಿಳಿಯಬೇಕು ಎನ್ನುವ ಪಾಠ ಕಿವಿಗೆ ಬಿದ್ದಾಗಿರುತ್ತದೆ.

ಪಿಜಿ ರೂಮಲ್ಲಿ ಇದ್ಯಾವುದೂ ಇಲ್ಲ. ಅಲ್ಲಿ ಮೊಬೈಲಲ್ಲಿ ಕಾಮಿಡಿ ವಿಡಿಯೋ ಓಡುತ್ತಿತ್ತು. ಹಾಗಾಗಿ ಕಾಮಿಡಿಗೇ ಅರ್ಥ ಬಂತು.

ಸಂಶೋಧಕರು ಇದಕ್ಕೆ "ಸೆಟ್ ಅಂಡ್ ಸೆಟ್ಟಿಂಗ್" ಅನ್ನುತ್ತಾರೆ. ಸೇದುವವನ ಮನಸ್ಸು ಮೊದಲೇ ಯಾವ ಸ್ಥಿತಿಯಲ್ಲಿತ್ತು, ಸುತ್ತಲಿನ ಸನ್ನಿವೇಶ ಏನಿತ್ತು ಎಂಬುದು ಡೋಸ್‌ನಷ್ಟೇ ಮುಖ್ಯ ಎನ್ನುವ ಮಾತು. ಗಾಂಜಾಕ್ಕೆ ಇದು ಒಂದು ಮಟ್ಟಿಗೆ ಅನ್ವಯಿಸಿದರೆ, ಎಲ್‌ಎಸ್‌ಡಿ ಎಂಬ ರಾಸಾಯನಿಕಕ್ಕೂ ನಶೆ ತರುವ ಮಾಯಾ ಅಣಬೆಗಳಿಗೂ (ಮ್ಯಾಜಿಕ್ ಮಶ್ರೂಮ್) ಇನ್ನೂ ಹೆಚ್ಚು.

ಅಣಬೆ, ಎಲ್‌ಎಸ್‌ಡಿ ಕಥೆಯೇ ಬೇರೆ

ನಮ್ಮ ಕಡೆ ಇವು ಭಜನೆಯ ದಾರಿಯಿಂದ ಬಂದವಲ್ಲ. ಬಂದದ್ದು ತುಂಗಭದ್ರೆಯ ಆಚೆ ದಡದಿಂದ. ಹಂಪಿಯ ಎದುರಿಗೆ, ಗಂಗಾವತಿ ತಾಲ್ಲೂಕಿನ ವಿರೂಪಾಪುರ ಗಡ್ಡೆಯಲ್ಲಿ ವರ್ಷಗಟ್ಟಲೆ ವಿದೇಶಿಯರು ಬೀಡು ಬಿಟ್ಟಿದ್ದರು. ಪಾರಂಪರಿಕ ಪ್ರದೇಶದ ಅಕ್ರಮ ಕಟ್ಟಡಗಳು ಅಂತ ಸುಪ್ರೀಂ ಕೋರ್ಟ್ ಆದೇಶದ ಮೇಲೆ 2020ರ ಮಾರ್ಚ್‌ನಲ್ಲಿ ಅಲ್ಲಿನ ರೆಸಾರ್ಟ್‌ಗಳನ್ನು ಕೆಡವಿದರು. ಅಲ್ಲಿಯ ತನಕ ಆ ಗಡ್ಡೆ ಒಂದು ವಿಚಿತ್ರ ನೋಟವೇ. ಜರ್ಮನಿಯಿಂದಲೋ ಇಸ್ರೇಲಿನಿಂದಲೋ ಬಂದ ಹುಡುಗ ಬಂಡೆಯ ಮೇಲೆ ಕೂತು ಶಿವನನ್ನು ಹುಡುಕುತ್ತಿದ್ದ. ಅವನಿಗೆ ದೋಸೆ ಮಾಡಿಕೊಡುವವರು ಬೆಳಿಗ್ಗೆ ಎದ್ದು ಮನೆದೇವರಿಗೆ ಊದುಬತ್ತಿ ಹಚ್ಚಿ ಕೆಲಸಕ್ಕೆ ಬರುತ್ತಿದ್ದರು. ಅವರಿಗೆ ಹುಡುಕುವ ದರ್ದೇ ಇರಲಿಲ್ಲ, ಅಲ್ವಾ.

ಎಲ್‌ಎಸ್‌ಡಿಯನ್ನು ಸ್ವಿಟ್ಜರ್ಲೆಂಡಿನ ಆಲ್ಬರ್ಟ್ ಹಾಫ್‌ಮನ್ ತಯಾರಿಸಿದ್ದು 1938ರಲ್ಲಿ. ಅದು ತಲೆಗೆ ಏನು ಮಾಡುತ್ತದೆ ಅಂತ ಅವರಿಗೇ ಗೊತ್ತಾಗಿದ್ದು 1943ರಲ್ಲಿ. ಮಾಯಾ ಅಣಬೆಯಲ್ಲಿರುವ ಸಿಲೊಸೈಬಿನ್ ಮೆಕ್ಸಿಕೋದ ಮಸಾಟೆಕ್ ಜನರಿಗೆ ಅದಕ್ಕೂ ಎಷ್ಟೋ ಮುಂಚೆಯಿಂದ ಗೊತ್ತಿತ್ತು. ಅವರು ಅದನ್ನು ತಿನ್ನುತ್ತಿದ್ದುದು ಮುಖ್ಯವಾಗಿ ಕಾಯಿಲೆಯ ಕಾರಣ ತಿಳಿಯುವುದಕ್ಕೆ. "ದೇವರ ಅನುಭವಕ್ಕಾಗಿ ಅಣಬೆ" ಎನ್ನುವುದು ಹೆಚ್ಚಾಗಿ ಹೊರಗಿನಿಂದ ಹೋದವರು ಕಟ್ಟಿದ ಮಾತು.

ಇವೆರಡೂ ಮಿದುಳಿನ ಸಿರೊಟೋನಿನ್ 2ಎ ಗ್ರಾಹಕಗಳ ಮೇಲೆ ಕೆಲಸ ಮಾಡುತ್ತವೆ. ನಮ್ಮ ಮಿದುಳು ಕಣ್ಣಿಗೆ ಬಿದ್ದದ್ದನ್ನೆಲ್ಲ ಮೊದಲಿನಿಂದ ಓದುವುದಿಲ್ಲ. ಹೀಗೇ ಇರುತ್ತದೆ ಅಂತ ಮೊದಲೇ ಒಂದು ಊಹೆ ಇಟ್ಟುಕೊಂಡು, ಅದಕ್ಕೆ ಹೊಂದದ್ದನ್ನು ಮಾತ್ರ ತಿದ್ದಿಕೊಳ್ಳುತ್ತದೆ. ಗೋಡೆ ಗಟ್ಟಿ, ನಾನು ಅಂದರೆ ಈ ದೇಹ, ಸತ್ತವರು ಮಾತಾಡುವುದಿಲ್ಲ: ಇವೆಲ್ಲ ಅಂಥ ಊಹೆಗಳೇ. 2019ರಲ್ಲಿ ರಾಬಿನ್ ಕಾರ್‌ಹಾರ್ಟ್-ಹ್ಯಾರಿಸ್ ಮತ್ತು ಕಾರ್ಲ್ ಫ್ರಿಸ್ಟನ್ ಮುಂದಿಟ್ಟ ವಾದ ಏನೆಂದರೆ, ಸೈಕೆಡೆಲಿಕ್‌ಗಳು (ಎಲ್‌ಎಸ್‌ಡಿ, ಅಣಬೆಯಂಥ ಪದಾರ್ಥಗಳು) ಈ ಊಹೆಗಳ ಹಿಡಿತವನ್ನು ಸಡಿಲ ಮಾಡುತ್ತವೆ. ವರ್ಷಗಳಿಂದ ತುಳಿದು ಗಟ್ಟಿಯಾದ ಎರೆ ಹೊಲವನ್ನು ಆಳವಾಗಿ ರಂಟೆ ಹೊಡೆದು ಬಿಟ್ಟ ಹಾಗೆ. ಆಗ ಯಾವ ಬೀಜ ಬಿದ್ದರೂ ಮೊಳಕೆ ಬರುತ್ತದೆ. ಜೋಳವೂ ಬರುತ್ತದೆ, ಕರಿಕೆಯೂ ಬರುತ್ತದೆ. ಇದು ಇನ್ನೂ ವಾದದ ಹಂತದಲ್ಲೇ ಇದೆ, ಒಪ್ಪದ ವಿಜ್ಞಾನಿಗಳೂ ಇದ್ದಾರೆ. ಆದರೆ ನಂಬಿಕೆ ಬದಲಾಗುವ ಬಗೆಗೆ ನನಗೆ ಕಂಡ ವಿವರಣೆಗಳಲ್ಲಿ ಹೆಚ್ಚು ಸರಿ ಅನ್ನಿಸುವುದು ಇದೇ.

ಈ ಹೊತ್ತಲ್ಲಿ "ನಾನು" ಎನ್ನುವುದೇ ಕರಗಿದಂತೆ ಅನ್ನಿಸುವುದುಂಟು. ಜೊತೆಗೆ ಒಂದು ಖಾತ್ರಿ ಬರುತ್ತದೆ: ನಾನು ಈಗ ಕಂಡದ್ದು ಕನಸಲ್ಲ, ಇದೇ ನಿಜ, ಇಷ್ಟು ದಿನ ಇದ್ದದ್ದೇ ಕನಸು. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಅನುಭಾವದ ಮುಖ್ಯ ಲಕ್ಷಣಗಳಲ್ಲಿ ಇದನ್ನು ಸೇರಿಸಿದ್ದರು. ಅವರು ಸ್ವತಃ ನೈಟ್ರಸ್ ಆಕ್ಸೈಡ್ ಎಳೆದು ನೋಡಿದವರು. ಹಲ್ಲಿನ ಡಾಕ್ಟರು ಕೊಡುತ್ತಾರಲ್ಲ, ಅದೇ ಗ್ಯಾಸು.

ಈ ಖಾತ್ರಿಯೇ ಇಡೀ ವಿಷಯದ ತಿರುಳು. ಮನುಷ್ಯ ಒಂದು ಮಾತನ್ನು ನಂಬುವುದು ಬರೀ ಪುರಾವೆಯಿಂದಲ್ಲ, "ಹೌದು, ಇದು ನಿಜ" ಅಂತ ಒಳಗೆ ಒಂದು ಭಾವ ಹುಟ್ಟುವುದರಿಂದ. ಸಾಮಾನ್ಯವಾಗಿ ಆ ಭಾವ ಪುರಾವೆಯ ಹಿಂದೆ ಬರುತ್ತದೆ. ಈ ಪದಾರ್ಥಗಳು ಪುರಾವೆ ಇಲ್ಲದೆ ಆ ಭಾವವನ್ನು ಮಾತ್ರ ಹುಟ್ಟಿಸಬಲ್ಲವು. ಹಾಗೆ ಹುಟ್ಟಿದ ಖಾತ್ರಿ ಹತ್ತಿರದಲ್ಲಿ ಏನಿದೆಯೋ ಅದಕ್ಕೆ ಅಂಟಿಕೊಳ್ಳುತ್ತದೆ.

ಬಾಸ್ಟನ್‌ನ ನೆಲಮಾಳಿಗೆ

ಅಂಟಿಕೊಳ್ಳುವುದು ಹೇಗೆ ಅನ್ನುವುದಕ್ಕೆ 1962ರ ಗುಡ್ ಫ್ರೈಡೇ ಪ್ರಯೋಗಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ವಾಲ್ಟರ್ ಪಾಂಕೆ ಎಂಬ ಹಾರ್ವರ್ಡ್ ಸಂಶೋಧಕ ಬಾಸ್ಟನ್ ವಿಶ್ವವಿದ್ಯಾಲಯದ ಮಾರ್ಷ್ ಚಾಪೆಲ್‌ಗೆ 20 ಜನ ವಿದ್ಯಾರ್ಥಿಗಳನ್ನು ಕರೆತಂದ. ಎಲ್ಲರೂ ಕ್ರೈಸ್ತ ಧರ್ಮಶಾಸ್ತ್ರ ಓದುತ್ತಿದ್ದವರು. ಮೇಲೆ ದೊಡ್ಡ ಪ್ರಾರ್ಥನೆ ನಡೆಯುತ್ತಿತ್ತು. ಇವರನ್ನು ಕೆಳಗಿನ ಸಣ್ಣ ಪ್ರಾರ್ಥನಾ ಕೋಣೆಯಲ್ಲಿ ಕೂರಿಸಿ, ಮೇಲಿನ ಪ್ರವಚನ ಸ್ಪೀಕರ್‌ನಲ್ಲಿ ಕೇಳುವಂತೆ ಮಾಡಿದ್ದರು. ಹತ್ತು ಜನಕ್ಕೆ ಸಿಲೊಸೈಬಿನ್. ಉಳಿದ ಹತ್ತು ಜನಕ್ಕೆ ಮುಖ, ಮೈ ಬಿಸಿಯಾಗಿ ಕೆಂಪೇರಿಸುವ ನಯಾಸಿನ್ ಎಂಬ ವಿಟಮಿನ್, ತಮಗೂ ಅದೇ ಸಿಕ್ಕಿದೆ ಅಂತ ಅಂದುಕೊಳ್ಳಲಿ ಎಂದು.

ಸ್ವಲ್ಪ ಹೊತ್ತು ಅದೇ ಆಯಿತು. ಮುಖ ಬಿಸಿಯಾದವರು "ಬಂತು, ಬಂತು" ಅಂದುಕೊಂಡರು. ಆಮೇಲೆ ಯಾರಿಗೆ ನಿಜವಾಗಿ ಸಿಕ್ಕಿದೆ ಅಂತ ಯಾರೂ ಹೇಳಬೇಕಾಗಲಿಲ್ಲ. ಒಂದು ಗುಂಪು ಬೆಂಚಿನ ಮೇಲೆ ಸುಮ್ಮನೆ ಕೂತು ಪ್ರವಚನ ಕೇಳುತ್ತಿದ್ದರೆ, ಇನ್ನೊಂದು ಗುಂಪಿನವರು ಓಡಾಡುತ್ತಿದ್ದರು, ನೆಲದ ಮೇಲೆ ಮಲಗಿದ್ದರು. ಅಣಬೆಯ ಗುಂಪಿನ ಬಹುಪಾಲು ಜನಕ್ಕೆ ಆಳವಾದ ಅನುಭಾವವಾಯಿತು ಎಂದು ಪಾಂಕೆ ದಾಖಲಿಸಿದ.

ಪಾಂಕೆ ವರದಿಯಲ್ಲಿ ಬಿಟ್ಟ ಒಂದು ಘಟನೆ ಬೆಳಕಿಗೆ ಬಂದದ್ದು 1991ರಲ್ಲಿ, ರಿಕ್ ಡಾಬ್ಲಿನ್ ಎಂಬ ಸಂಶೋಧಕ ಆ ಹಳೆಯ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರನ್ನು ಹುಡುಕಿ ಮಾತಾಡಿಸಿ ಬರೆದಾಗ. ಪ್ರವಚನಕಾರ ಹೋವರ್ಡ್ ಥರ್ಮನ್ ಶಿಲುಬೆಯ ಮೇಲಿನ ಮನುಷ್ಯನ ಬಗ್ಗೆ ಎಲ್ಲರಿಗೂ ಹೇಳಿ ಎಂಬರ್ಥದ ಮಾತು ಹೇಳಿದ್ದರು. ಭಾನುವಾರ ಚರ್ಚಿಗೆ ಹೋಗುವವರು ತಲೆಯಾಡಿಸಿ ಮರೆಯುವ ಮಾತು. ಸಿಲೊಸೈಬಿನ್ ತೆಗೆದುಕೊಂಡ ಒಬ್ಬ ವಿದ್ಯಾರ್ಥಿಗೆ ಅದು ತನಗೇ ಬಂದ ನೇರ ಆಜ್ಞೆಯಾಯಿತು. ಬಾಗಿಲು ತೆಗೆದು ರಸ್ತೆಗೆ ಓಡಿದ. ಅವನನ್ನು ಹಿಡಿದು ತಂದು ಕ್ಲೋರ್‌ಪ್ರೊಮಜೀನ್ ಇಂಜೆಕ್ಷನ್ ಕೊಟ್ಟು ನಶೆ ಇಳಿಸಬೇಕಾಯಿತು. ಉಳಿದವರಲ್ಲಿ ಡಾಬ್ಲಿನ್ ಮಾತಾಡಿಸಿದ ಅಣಬೆ ಗುಂಪಿನವರು ಕಾಲು ಶತಮಾನದ ಮೇಲೂ ಅದು ನಿಜವಾದ ಧಾರ್ಮಿಕ ಅನುಭವವೇ ಎಂದು ನೆನೆದರು.

ಒಂದೇ ಕೋಣೆ, ಒಂದೇ ಡೋಸ್, ಒಂದೇ ಪ್ರವಚನ. ಒಬ್ಬನಿಗೆ ಬಾಳಿನ ಬುತ್ತಿ, ಇನ್ನೊಬ್ಬನಿಗೆ ಇಂಜೆಕ್ಷನ್. ಇನ್ನೊಂದನ್ನೂ ಗಮನಿಸಬೇಕು: ಚರ್ಚಿನ ನೆಲಮಾಳಿಗೆಯಲ್ಲಿ ಕೂತ ಪಾದ್ರಿ ವಿದ್ಯಾರ್ಥಿಗಳಿಗೆ ಕಂಡದ್ದು ಕ್ರಿಸ್ತನ ದಾರಿ. ಅಲ್ಲಮನ ಬಯಲು ಅಲ್ಲ. ಅದೇ ಅಣಬೆಯನ್ನು ಅಮಾವಾಸ್ಯೆಯ ತತ್ವಪದದ ನಡುವೆ ಕೊಟ್ಟಿದ್ದರೆ ಯಾರು ಕಾಣುತ್ತಿದ್ದರು ಅಂತ ಊಹಿಸುವುದು ಕಷ್ಟವಲ್ಲ.

ಕಾಣದವರೂ ಇದ್ದಾರೆ. ಇಂಗ್ಲಿಷ್ ಲೇಖಕ ಆಲ್ಡಸ್ ಹಕ್ಸ್‌ಲಿ 1953ರಲ್ಲಿ ಮೆಸ್ಕಲಿನ್ ಎಂಬ ಇನ್ನೊಂದು ಸೈಕೆಡೆಲಿಕ್ ತೆಗೆದುಕೊಂಡು, ಅನುಭಾವಿಗಳು ಕಂಡದ್ದು ಇದೇ ಎಂದು ಬರೆದ. ಆಕ್ಸ್‌ಫರ್ಡಿನಲ್ಲಿ ಪೂರ್ವದೇಶಗಳ ಧರ್ಮಗಳನ್ನು ಕಲಿಸುತ್ತಿದ್ದ ಆರ್. ಸಿ. ಜೇನರ್‌ಗೆ ಈ ಮಾತು ಸೇರಲಿಲ್ಲ. ಜೇನರ್ ಕ್ಯಾಥೊಲಿಕ್ ನಂಬಿಕೆಗೆ ಸೇರಿದವರು. ಎರಡು ವರ್ಷದ ಮೇಲೆ ತಾವೇ ಮೆಸ್ಕಲಿನ್ ತೆಗೆದುಕೊಂಡರು. ಚರ್ಚಿನ ಬಣ್ಣದ ಗಾಜಿನ ಕಿಟಕಿ ಹಿಗ್ಗಿ ಕುಗ್ಗಿ ಕಂಡಿತು. ಎಲ್ಲವೂ ತಮಾಷೆಯಾಗಿ ಕಂಡು ನಗು ತಡೆಯಲಾಗಲಿಲ್ಲ. ಇದು ಕ್ಷುಲ್ಲಕ, ಇದಕ್ಕೂ ದೇವರಿಗೂ ಸಂಬಂಧವಿಲ್ಲ ಎಂದು ತೀರ್ಮಾನ ಮಾಡಿದರು. ಸಂಬಂಧ ಇಲ್ಲ ಎಂದು ನಂಬಿ ಕೂತವರಿಗೆ ಇಲ್ಲ ಎಂದೇ ಕಂಡಿತು ಅಂತ ಹಕ್ಸ್‌ಲಿ ಕಡೆಯವರು ಹೇಳಬಹುದು. ಅದೇ ಮಾತನ್ನು ಹಕ್ಸ್‌ಲಿಗೂ ಹೇಳಬಹುದು.

ನಾಸ್ತಿಕರು ಆಸ್ತಿಕರಾಗುತ್ತಾರಾ?

ಇಂಟರ್‌ನೆಟ್‌ನಲ್ಲಿ ಹೆಚ್ಚು ಸುತ್ತಾಡುವ ಅಂಕಿ ಒಂದಿದೆ. 2019ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರೋಲಂಡ್ ಗ್ರಿಫಿತ್ಸ್ ತಂಡ, ದೇವರನ್ನೋ ಅಂಥದೊಂದು ಪರಮ ಸತ್ಯವನ್ನೋ ಎದುರುಗೊಂಡೆವು ಎನ್ನುವ 4,285 ಜನರ ಸಮೀಕ್ಷೆ ಪ್ರಕಟಿಸಿತು. ಅವರಲ್ಲಿ 3,476 ಜನರದು ಸೈಕೆಡೆಲಿಕ್ ತೆಗೆದುಕೊಂಡಾಗಿನ ಅನುಭವ, ಉಳಿದವರದು ಏನೂ ತೆಗೆದುಕೊಳ್ಳದೆ ಆದದ್ದು. ಮೊದಲು ನಾಸ್ತಿಕರಾಗಿದ್ದೆವು ಎಂದವರಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಜನ ಆಮೇಲೆ ಹಾಗೆ ಹೇಳಿಕೊಳ್ಳಲಿಲ್ಲ.

ಕೇಳುವುದಕ್ಕೆ ಭಾರಿ ಸುದ್ದಿ. ಆದರೆ ಸಮೀಕ್ಷೆಗೆ ಕರೆದದ್ದೇ ಅಂಥ ಅನುಭವ ಆದವರನ್ನು. ಜಾತ್ರೆಯಲ್ಲಿ ಹರಕೆ ತೀರಿಸಲು ಬಂದವರನ್ನು ಮಾತ್ರ ನಿಲ್ಲಿಸಿ "ಹರಕೆ ಫಲಿಸಿತಾ?" ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. ಫಲಿಸದವರು ಮನೆಯಲ್ಲಿರುತ್ತಾರೆ. ಅದೇ ವಿಶ್ವವಿದ್ಯಾಲಯದ ಸಂದೀಪ್ ನಾಯಕ್ ಮತ್ತು ಸಂಗಡಿಗರು ಆಮೇಲೆ ಬೇರೆ ದಾರಿ ಹಿಡಿದರು. ಸೈಕೆಡೆಲಿಕ್ ತೆಗೆದುಕೊಳ್ಳಲು ಹೊರಟವರನ್ನು ಮೊದಲೇ ಒಂದು ಸಲ, ತೆಗೆದುಕೊಂಡ ಮೇಲೆ ಮತ್ತೆ ಕೇಳಿದರು. ಹೀಗೆ ನೋಡಿದಾಗ ಆಸ್ತಿಕ, ನಾಸ್ತಿಕ ಎನ್ನುವ ಗುರುತಿನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಬದಲಾದದ್ದು ಬೇರೆಯೇ: ಪ್ರಾಣಿಗಳಿಗೆ, ಗಿಡಗಳಿಗೆ, ಕೆಲವೊಮ್ಮೆ ಜಡವಸ್ತುಗಳಿಗೂ ಒಂದು ಬಗೆಯ ಅರಿವಿದೆ ಎಂದು ಒಪ್ಪುವವರು ಹೆಚ್ಚಾದರು.

ಬನ್ನಿ ಗಿಡಕ್ಕೆ ಕೈಮುಗಿದು, ಹುತ್ತಕ್ಕೆ ಹಾಲೆರೆದು ಬೆಳೆದವರಿಗೆ ಇದು ದೊಡ್ಡ ಸಂಗತಿ ಅನ್ನಿಸದಿರಬಹುದು. ಇಂಥ ಅಧ್ಯಯನಗಳಲ್ಲಿ ಪಾಲ್ಗೊಂಡ ಬಹುಪಾಲು ಜನ ಪಾಶ್ಚಾತ್ಯರು. ಅವರಿಗೆ ದೊಡ್ಡ ಬದಲಾವಣೆಯಾದದ್ದು ನಮ್ಮಲ್ಲಿ ಅಜ್ಜಿ ಹೇಳಿಕೊಟ್ಟ ಮಾತಾಗಿರಬಹುದು. 2025ರಲ್ಲಿ ಪ್ರಕಟವಾದ, ಧಾರ್ಮಿಕ ಮುಖಂಡರಿಗೇ ಸಿಲೊಸೈಬಿನ್ ಕೊಟ್ಟ ಅಧ್ಯಯನದಲ್ಲೂ ಇದೇ ತೊಂದರೆ. ಪಾಲ್ಗೊಂಡದ್ದು 29 ಜನ, ಹೆಚ್ಚಿನವರು ಕ್ರೈಸ್ತರು. ಬಹುತೇಕ ಎಲ್ಲರೂ ಅದನ್ನು ಬದುಕಿನ ಅತಿ ಮುಖ್ಯ ಆಧ್ಯಾತ್ಮಿಕ ಅನುಭವಗಳ ಸಾಲಿಗೆ ಸೇರಿಸಿದರು. ಆದರೆ ದೇವರಿಗಾಗಿಯೇ ಬದುಕು ಮೀಸಲಿಟ್ಟವರು, ದೇವರ ಅನುಭವ ಆಗಬಹುದು ಅಂತ ಗೊತ್ತಿದ್ದು ಬಂದವರು. ಬೇರೆ ಉತ್ತರ ಬರುವುದಕ್ಕೆ ಜಾಗ ಎಲ್ಲಿತ್ತು?

ಇನ್ನು ಎದುರು ದಾರಿ. ಇದರ ಬಗ್ಗೆ ಬರೆಯುವವರು ಕಡಿಮೆ, ಆದರೆ ಈ ದಾರಿ ಹಿಡಿದವರು ಕಡಿಮೆಯಲ್ಲ.

1998ರಲ್ಲಿ ಜ್ಯೂರಿಕ್‌ನ ಫ್ರಾಂಜ್ ವೊಲೆನ್‌ವೈಡರ್ ತಂಡ ಒಂದು ಪ್ರಯೋಗ ಮಾಡಿತು. ಸಿಲೊಸೈಬಿನ್ ಕೊಡುವ ಮೊದಲು ಕೆಟಾನ್ಸೆರಿನ್ ಎಂಬ ಔಷಧ ಕೊಟ್ಟು ಆ ಸಿರೊಟೋನಿನ್ ಗ್ರಾಹಕಗಳನ್ನು ಮುಚ್ಚಿದರು. ಅನುಭವ ಬರಲೇ ಇಲ್ಲ. ಇದನ್ನು ಓದಿದ ಒಬ್ಬ ಭಕ್ತನ ತಲೆಯಲ್ಲಿ ಏನು ಓಡುತ್ತದೆ ನೋಡಿ. ಒಂದು ಮಾತ್ರೆಯಿಂದ ದೇವರು ಬರುತ್ತಾನೆ, ಇನ್ನೊಂದು ಮಾತ್ರೆಯಿಂದ ಬಾರದಂತೆ ಮಾಡಬಹುದು. ಹಾಗಾದರೆ ಋಷಿಗಳು, ಪ್ರವಾದಿಗಳು ಕಂಡದ್ದೂ ಮಿದುಳಿನ ಆಟವೇ ಅಲ್ವಾ? ಕೆಲವರಿಗೆ ಈ ಪ್ರಶ್ನೆ ಓದಿ ಬರುತ್ತದೆ, ಇನ್ನು ಕೆಲವರಿಗೆ ಸೇದಿ ಬರುತ್ತದೆ. ಗದ್ದುಗೆಯ ಮುಂದೆ ಆದ ಅನುಭವ ಮುಂದೊಂದು ದಿನ ಯಾವುದೋ ಡಾಬಾದ ಹಿಂದೆ, ಗುರುವೂ ಇಲ್ಲದೆ ಪದವೂ ಇಲ್ಲದೆ ಸ್ವಲ್ಪಮಟ್ಟಿಗೆ ಬಂದುಬಿಟ್ಟರೆ, ಅವತ್ತು ಬಂದವನು ಅಜ್ಜನೋ ಸೊಪ್ಪೋ ಎಂಬ ಅನುಮಾನ ಶುರುವಾಗುತ್ತದೆ.

ಭಯದ ದಾರಿಯೂ ಇದೆ. ಭಂಗಿ ಕುಡಿದಾಗ ನಶೆ ಏರುವುದು ನಿಧಾನ, ಅರ್ಧ ಗಂಟೆಯಿಂದ ಎರಡು ಗಂಟೆ. ಏನೂ ಆಗಲಿಲ್ಲ ಅಂತ ಇನ್ನೊಂದು ಲೋಟ ಕುಡಿದವನಿಗೆ ಆಮೇಲೆ ಎರಡೂ ಒಟ್ಟಿಗೆ ಏರುತ್ತವೆ. ಎದೆ ಬಡಿತ ಕೇಳುತ್ತದೆ, ಸತ್ತೇ ಹೋಗುತ್ತೇನೆ ಅನ್ನಿಸುತ್ತದೆ. ಆಗ ದೇವರನ್ನು ಕರೆದು ಉತ್ತರ ಸಿಗದವನು ಎರಡರಲ್ಲೊಂದು ಮಾಡುತ್ತಾನೆ. ದೇವರು ಶಿಕ್ಷೆ ಕೊಟ್ಟ ಅಂತ ಇನ್ನಷ್ಟು ಹೆದರಿ ನಂಬುತ್ತಾನೆ, ಇಲ್ಲವೇ ಅವನು ಇಲ್ಲವೇ ಇಲ್ಲ ಎಂದುಕೊಳ್ಳುತ್ತಾನೆ.

ನನ್ನ ಅಭಿಪ್ರಾಯ ಕೇಳಿದರೆ, ಜ್ಯೂರಿಕ್‌ನ ಮಾತ್ರೆ ದೇವರಿಲ್ಲ ಎಂದೇನೂ ಸಾಬೀತು ಮಾಡುವುದಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿದರೆ ಸೂರ್ಯ ಕಾಣುವುದಿಲ್ಲ, ಅದರಿಂದ ಸೂರ್ಯನ ಬಗ್ಗೆ ಏನೂ ತಿಳಿಯುವುದಿಲ್ಲ. ಆದರೆ ಅಷ್ಟೇ ನಿಜವಾದ ಇನ್ನೊಂದು ಮಾತು: ಚಿಲುಮೆಯ ಖಾತ್ರಿಯೂ ಏನನ್ನೂ ಸಾಬೀತು ಮಾಡುವುದಿಲ್ಲ. ಮೆಹೆರ್ ಬಾಬಾ 1960ರ ದಶಕದಲ್ಲೇ ಎಲ್‌ಎಸ್‌ಡಿ ತೆಗೆದುಕೊಳ್ಳುತ್ತಿದ್ದ ಪಶ್ಚಿಮದ ಶಿಷ್ಯರಿಗೆ ಅದನ್ನು ಬಿಡಿ ಎಂದು ಹೇಳಿದ್ದರು. ದೇವರನ್ನು ನಂಬಿದ ಗುರುವೇ ಈ ದಾರಿಯನ್ನು ನಂಬಲಿಲ್ಲ.

ಸೊಪ್ಪಿಲ್ಲದೆಯೂ ಬರುತ್ತದಲ್ಲ

ಮುದಗಲ್ಲಿನ ಮೊಹರಂ ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಹಲಗೆಯ ಸದ್ದು, ಅಲಾಯಿ ಕುಣಿಯ ಬೆಂಕಿ, ಸರಿಯಾಗಿ ನಿದ್ದೆ ಇಲ್ಲದ ರಾತ್ರಿಗಳು, ಸಾವಿರಾರು ಜನ. ಅಲ್ಲಿ ದೇವರು ಹಿಡಿದವರ ಮೈ ನಡುಗುವುದಕ್ಕೆ ಯಾವ ಹೊಗೆಯೂ ಬೇಕಾಗಿಲ್ಲ. ಹಿಂದೆ ಬಳ್ಳಾರಿ ಜಿಲ್ಲೆಯಲ್ಲಿದ್ದು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದ ಮೈಲಾರದಲ್ಲಿ ಗೊರವಯ್ಯ ದಿನಗಟ್ಟಲೆ ಉಪವಾಸವಿದ್ದು, ಬಿಲ್ಲೇರಿ ಕಾರಣಿಕ ನುಡಿಯುತ್ತಾನೆ. ಆ ಒಂದು ಸಾಲಿಗೆ ಮಳೆ ಬೆಳೆಯಿಂದ ಹಿಡಿದು ರಾಜಕೀಯದ ತನಕ ಅರ್ಥ ಹುಡುಕುವವರು ಬಹಳ ಮಂದಿ. ಉಪವಾಸ, ನಿದ್ದೆಗೇಡು, ಒಂದೇ ಲಯದ ಬಡಿತ, ಜನರ ಒತ್ತಡ: ಇವೂ ಮನಸ್ಸಿನ ಹಿಡಿತವನ್ನು ಸಡಿಲಿಸುತ್ತವೆ. ವ್ಯತ್ಯಾಸ ಎಲ್ಲಿದೆ ಅಂದರೆ, ಅಲ್ಲಿ ಒಂದು ಕಟ್ಟು ಇದೆ. ದೇವರು ಯಾವಾಗ ಬರಬೇಕು, ಯಾರ ಮೈಮೇಲೆ ಬರಬೇಕು, ಯಾವಾಗ ಇಳಿಯಬೇಕು ಎಂಬುದು ಊರಿಗೆ ಗೊತ್ತು. ಮೊಹರಂ ಮುಗಿದ ಮೇಲೆ ದೇವರು ಹಿಡಿದವನು ಹೊಲಕ್ಕೆ ಹೋಗುತ್ತಾನೆ.

ನಂಬಿಕೆ ಉಳಿಯುವುದೂ ಈ ಕಟ್ಟಿನಿಂದಲೇ. ಆ ರಾತ್ರಿ ಕಂಡದ್ದು ಮುಂದಿನ ಅಮಾವಾಸ್ಯೆಗೆ ಮತ್ತೆ ಮಾತಿಗೆ ಬಂದು, ನಾಲ್ಕು ಜನ ತಲೆದೂಗಿ, ಹಿರಿಯರು ಅದಕ್ಕೊಂದು ಹೆಸರಿಟ್ಟರೆ ಅದು ನಂಬಿಕೆಯಾಗುತ್ತದೆ. ಹೇಳಿಕೊಳ್ಳಲು ಯಾರೂ ಇಲ್ಲದವನಿಗೆ ಅದು ಒಂದು ವಿಚಿತ್ರ ರಾತ್ರಿಯಾಗಿ ಮಾಸಿಹೋಗುತ್ತದೆ. ಇಲ್ಲವೇ ಮಾಸದೆ ಒಳಗೇ ಬೆಳೆಯುತ್ತದೆ.

ಬೆಳೆದಾಗ

ಇದನ್ನು ಬಿಟ್ಟು ಈ ವಿಷಯ ಬರೆಯುವುದು ಸರಿಯಲ್ಲ. ಎಲ್ಲದಕ್ಕೂ ಅರ್ಥ ಬರುವ ಸ್ಥಿತಿ ನಶೆ ಇಳಿದ ಮೇಲೂ ಹೋಗದಿದ್ದರೆ ಅದು ಕಾಯಿಲೆ. ಟಿವಿಯಲ್ಲಿ ವಾರ್ತೆ ಓದುವವರು ನನಗೇ ಹೇಳುತ್ತಿದ್ದಾರೆ, ದೇವರು ನನ್ನನ್ನು ಆರಿಸಿದ್ದಾನೆ, ನೆರೆಯವರು ಮಾಟ ಮಾಡಿಸಿದ್ದಾರೆ. ಸ್ವೀಡನ್‌ನಲ್ಲಿ ಸೇನೆಗೆ ಸೇರುವ ಸುಮಾರು 45 ಸಾವಿರ ಯುವಕರನ್ನು 15 ವರ್ಷ ಹಿಂಬಾಲಿಸಿ 1987ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಐವತ್ತಕ್ಕೂ ಹೆಚ್ಚು ಸಲ ಗಾಂಜಾ ಬಳಸಿದ್ದವರಲ್ಲಿ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಬಂದ ಪ್ರಮಾಣ ಬಳಸದವರ ಆರು ಪಟ್ಟು ಇತ್ತು. ಬೇರೆ ಕಾರಣಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಅಂತರ ಕಡಿಮೆಯಾಯಿತು, ಆದರೆ ಪೂರ್ತಿ ಹೋಗಲಿಲ್ಲ. ಹದಿಹರೆಯದಲ್ಲೇ ಶುರು ಮಾಡಿದವರಿಗೆ, ಮನೆತನದಲ್ಲಿ ಇಂಥ ಕಾಯಿಲೆ ಇದ್ದವರಿಗೆ ಅಪಾಯ ಜಾಸ್ತಿ. ದತ್ತೂರಿ ಬೀಜದ ವಿಷಯ ಇದಕ್ಕೂ ಕೆಟ್ಟದು. ಶಿವನಿಗೆ ಏರಿಸುವ ಹೂವಿನ ಗಿಡ ಅಂತ ಅದನ್ನು ಭಂಗಿಗೆ ಬೆರೆಸುವವರಿದ್ದಾರೆ. ಅದು ಬೇರೆ ಜಾತಿಯ ವಿಷ. ಅದರಿಂದ ಸತ್ತವರಿದ್ದಾರೆ.

ಭಕ್ತಿ ಎಲ್ಲಿ ಮುಗಿಯಿತು, ಕಾಯಿಲೆ ಎಲ್ಲಿ ಶುರುವಾಯಿತು ಅಂತ ಮನೆಯವರಿಗೆ ತಿಳಿಯುವುದು ಕಷ್ಟ. ದೇವರು ಮಾತಾಡಿದ ಅನ್ನುವ ಒಂದೇ ಕಾರಣಕ್ಕೆ ಯಾರೂ ರೋಗಿಯಲ್ಲ. ನಿದ್ದೆ ಬಿಟ್ಟ, ಊಟ ಬಿಟ್ಟ, ಮನೆಯವರ ಮೇಲೇ ಅನುಮಾನ, ತನ್ನ ಗುರುವಿನ ಮಾತನ್ನೂ ಕೇಳುತ್ತಿಲ್ಲ, ಅದೇ ಮಠದ ಉಳಿದ ಭಕ್ತರಿಗೂ ಅವನ ಮಾತು ವಿಪರೀತ ಅನ್ನಿಸುತ್ತಿದೆ. ಈ ಕೊನೆಯದೇ ಒಳ್ಳೆಯ ಸೂಚನೆ. ಆಗ ತಡಮಾಡಬಾರದು.

ಕಾನೂನಿನ ಮಾತನ್ನೂ ಹೇಳಿಬಿಡಬೇಕು, ಯಾಕೆಂದರೆ ಹೆದರಿ ಆಸ್ಪತ್ರೆಗೆ ಹೋಗದವರು ಬಹಳ. ಮಾದಕ ವಸ್ತುಗಳ ಬಗೆಗಿನ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಅಂದರೆ ಗಿಡದ ಹೂ, ಕಾಯಿ ಬಿಡುವ ತುದಿ. ಬರೀ ಎಲೆ, ಬೀಜ ಆ ವ್ಯಾಖ್ಯೆಯಲ್ಲಿ ಬರುವುದಿಲ್ಲ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಎಲೆಯಿಂದ ಮಾಡುವ ಭಂಗಿಯ ಪ್ರಕರಣವೊಂದರಲ್ಲಿ ಜಾಮೀನು ಕೊಟ್ಟದ್ದು ಇದೇ ಆಧಾರದ ಮೇಲೆ. ಗಾಂಜಾ, ಎಲ್‌ಎಸ್‌ಡಿ, ಸಿಲೊಸೈಬಿನ್ ಮೂರೂ ಅಪರಾಧವೇ. ಪ್ರಸಾದ ಅಂದರೂ ವಿನಾಯಿತಿ ಇಲ್ಲ. ಆದರೆ ಚಟಕ್ಕೆ ಬಿದ್ದು, ಸಣ್ಣ ಪ್ರಮಾಣದ ಅಥವಾ ಸೇವನೆಯ ಆರೋಪ ಇರುವವರು ತಾವಾಗಿಯೇ ಚಿಕಿತ್ಸೆಗೆ ಒಪ್ಪಿದರೆ ಅವರಿಗೆ ರಕ್ಷಣೆ ಕೊಡುವ 64ಎ ಸೆಕ್ಷನ್ ಅದೇ ಕಾಯ್ದೆಯಲ್ಲಿದೆ.

ಇದಕ್ಕೆಲ್ಲ ಬೆಂಗಳೂರಿಗೇ ಓಡಬೇಕಾಗಿಲ್ಲ. ಮಾನಸಿಕ ಚಿಕಿತ್ಸೆ ಜಿಲ್ಲೆಯಲ್ಲೇ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಿಗಬೇಕು ಎಂದು 1980ರ ದಶಕದಲ್ಲಿ ನಿಮ್ಹಾನ್ಸ್ ಪ್ರಯೋಗ ಮಾಡಿದ್ದು ಬಳ್ಳಾರಿ ಜಿಲ್ಲೆಯಲ್ಲೇ. ಅದೇ ಮಾದರಿ 1996ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆಲ್ಲ ಹರಡಿತು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಹೋಗುವ ಮೊದಲು ಕೇಳಿ ತಿಳಿದುಕೊಳ್ಳಬೇಕು ಅನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಏನು ಸೇದಿದ, ಏನು ಕುಡಿದ, ಎಷ್ಟು ದಿನದಿಂದ ಎಂಬುದನ್ನು ಮುಚ್ಚಿಡದೆ ಹೇಳಿದರೆ ಡಾಕ್ಟರಿಗೆ ಕೆಲಸ ಸುಲಭ.